ಗಟ್ಟಿ ಬಿಲ್ಲೆಯೊಳಗೆ ಸೋಡಿಯಂ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಪುಡಿಯಿಂದ ಅಳತೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಕಕ್ಕಡದಲ್ಲಿ, ಅಂದರೆ ಜಡಿಮಳೆಯ ತಿಂಗಳಲ್ಲಿ, ಕೊಡಗಿನ ಮನೆಗಳಲ್ಲಿ ಉಪ್ಪಿನ ಭರಣಿ ಒಲೆಯ ಪಕ್ಕಕ್ಕೆ ಬಂದು ಕೂರುತ್ತದೆ. ದೂರ ಇಟ್ಟರೆ ಎರಡೇ ದಿನದಲ್ಲಿ ತಳದಲ್ಲಿ ನೀರು. ಆ ಒದ್ದೆ ಉಪ್ಪಿಗೆ ಮಲ್ಟಿಮೀಟರಿನ ಎರಡು ಕಡ್ಡಿ ಚುಚ್ಚಿ ನೋಡಿ, ಅಂಕಿ ಕುಣಿಯುತ್ತದೆ. ಅದೇ ಉಪ್ಪನ್ನು ಬಾಣಲೆಯಲ್ಲಿ ಹುರಿದು, ಆರಿಸಿ ಚುಚ್ಚಿದರೆ ಮೀಟರು ಸುಮ್ಮನಿರುತ್ತದೆ. ಸೋಡಿಯಂ ಎರಡರಲ್ಲೂ ಅಷ್ಟೇ ಇದೆ. ಒಂದರಲ್ಲಿ ಅದಕ್ಕೆ ಓಡಾಡಲು ದಾರಿ ಇದೆ, ಇನ್ನೊಂದರಲ್ಲಿ ಇಲ್ಲ.

ನೀರಿನ ಹಂಗಿಲ್ಲದೆ, ಕಲ್ಲಿನಂತೆ ಗಟ್ಟಿಯಾಗಿದ್ದುಕೊಂಡೇ ಸೋಡಿಯಂಗೆ ದಾರಿ ಬಿಡುವ ವಸ್ತುವಿಗೆ ಘನ ಎಲೆಕ್ಟ್ರೋಲೈಟ್ ಅನ್ನುತ್ತೇವೆ. ಬೆಂಕಿ ಹತ್ತಬಲ್ಲ ದ್ರವದ ಬದಲು ಇಂಥದ್ದೊಂದು ಬಿಲ್ಲೆ ಕೂರಿಸಿದರೆ ಸೋಡಿಯಂ ಬ್ಯಾಟರಿ ಹೆಚ್ಚು ಸುರಕ್ಷಿತವಾದೀತು ಅನ್ನುವುದು ಲೆಕ್ಕಾಚಾರ. ನಮ್ಮ ಪಕ್ಕದ ತೋಟದವರು ಒಮ್ಮೆ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು, "ಈ ಗಟ್ಟಿ ಕಲ್ಲಿನೊಳಗೆ ಅದೇನು ಓಡಾಡುತ್ತೆ ಮೇಷ್ಟ್ರೆ?" ಅಂತ ಕೇಳಿದ್ದರು. ಈ ಬರಹ ಅವರ ಪ್ರಶ್ನೆಗೂ ಉತ್ತರ, ಪ್ರತಿವರ್ಷ ಪ್ರಾಜೆಕ್ಟ್ ಹೊತ್ತಿನಲ್ಲಿ ಫೋನ್ ಮಾಡುವ ಎಂ.ಎಸ್ಸಿ., ಬಿ.ಇ. ಮಕ್ಕಳಿಗೂ ಉತ್ತರ. ಮಕ್ಕಳು ಸಾಮಾನ್ಯವಾಗಿ ಕೇಳುವುದು, "ಸರ್, ವಾಹಕತೆ ಕಡಿಮೆ ಬಂತು, ಏನು ಮಾಡಲಿ?" ಅಂತ. ನಾನು ತಿರುಗಿ ಕೇಳುವುದು ಒಂದನ್ನೇ: ಕಡಿಮೆಯಾದದ್ದು ಎಲ್ಲಿ? ಹರಳಿನೊಳಗೋ, ಹರಳಿನ ಅಂಚಿನಲ್ಲೋ, ಬಿಲ್ಲೆಯಲ್ಲಿ ಉಳಿದ ತೂತಿನಲ್ಲೋ, ನಿಮ್ಮ ತಂತಿಯಲ್ಲೋ? ಅದು ಗೊತ್ತಾಗದೆ ಹೊಸ ಬಿಲ್ಲೆ ಒತ್ತಿ ಪ್ರಯೋಜನವಿಲ್ಲ.

ಒಳಗೆ ನಡೆಯುವುದು ಏನು

ಅಳಗುಳಿ ಮಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪ್ರತಿ ಗುಳಿಗೆ ಒಂದೇ ಬೀಜ ಅನ್ನುವ ನಿಯಮ ಹಾಕಿ. ಗುಳಿಯಿಂದ ಪಕ್ಕದ ಗುಳಿಗೆ ಹಾರಬೇಕಾದರೆ ಮೂರು ಸಂಗತಿ ಕೂಡಿಬರಬೇಕು: ಪಕ್ಕದ ಗುಳಿ ಖಾಲಿ ಇರಬೇಕು, ನಡುವಿನ ದಿಬ್ಬ ಎತ್ತರ ಇರಬಾರದು, ಈ ಗುಳಿಗಳ ಸಾಲು ಮಣೆಯ ಈ ತುದಿಯಿಂದ ಆ ತುದಿಯವರೆಗೆ ತುಂಡಾಗದೆ ಹೋಗಬೇಕು. ಹರಳಿನೊಳಗಿನ ಅಯಾನಿಗೂ, ಅಂದರೆ ವಿದ್ಯುದಂಶ ಹೊತ್ತ ಸೋಡಿಯಂ ಪರಮಾಣುವಿಗೂ, ಇದೇ ಲೆಕ್ಕ.

ದಿಬ್ಬದ ಎತ್ತರವನ್ನು ಶಕ್ತಿಯ ಅಳತೆಯಾದ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಹೇಳುತ್ತೇವೆ. ಕೋಣೆಯ ತಾಪದಲ್ಲಿ ಅಯಾನಿನ ಕೈಯಲ್ಲಿರುವ ಬಂಡವಾಳ ಬರೀ 0.026 ಎಲೆಕ್ಟ್ರಾನ್‌ವೋಲ್ಟ್. ದಿಬ್ಬ 0.3 ಇದ್ದರೆ? ಅಯಾನು ತನ್ನ ಗುಳಿಯಲ್ಲಿ ಕೂತಲ್ಲೇ ಸೆಕೆಂಡಿಗೆ ಸುಮಾರು 10 ಲಕ್ಷ ಕೋಟಿ ಸಲ ಅಲುಗುತ್ತದೆ ಅಂತ ಇಟ್ಟುಕೊಳ್ಳಿ. ಅಷ್ಟು ಪ್ರಯತ್ನದಲ್ಲಿ ಸುಮಾರು 8 ಕೋಟಿ ಸಲ ದಿಬ್ಬ ದಾಟುತ್ತದೆ. ದಿಬ್ಬವನ್ನು ದುಪ್ಪಟ್ಟು ಮಾಡಿ, 0.6ಕ್ಕೆ ಏರಿಸಿ ನೋಡಿ: ಸೆಕೆಂಡಿಗೆ 700 ಸಲ. ಎತ್ತರ ಎರಡರಷ್ಟಾಯಿತು, ಓಡಾಟ ಲಕ್ಷದಲ್ಲೊಂದು ಪಾಲಿಗೆ ಇಳಿಯಿತು. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಹರಳಿನ ರಚನೆಯ ಬಗ್ಗೆ ಜನ ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಅನ್ನುವುದು ತಾನಾಗಿ ತಿಳಿಯುತ್ತದೆ.

ಸೋಡಿಯಂ ಅಯಾನಿನ ತ್ರಿಜ್ಯ 1.02 ಆಂಗ್‌ಸ್ಟ್ರಾಮ್, ಲಿಥಿಯಂನದು 0.76. ದೊಡ್ಡ ಮೈಯವನಿಗೆ ದೊಡ್ಡ ಬಾಗಿಲು ಬೇಕು. ಲಿಥಿಯಂಗೆ ಸರಿಹೋದ ಹರಳನ್ನು ಹಾಗೇ ತಂದು ಸೋಡಿಯಂಗೆ ಹೊಂದಿಸಲಾಗದು. ಒಂದು ಹರಳಿನಲ್ಲಿ ಮೂರು ಆಮ್ಲಜನಕ ಪರಮಾಣುಗಳು ತ್ರಿಕೋನ ಕಟ್ಟಿ ನಿಂತ ಕಡೆ ಅಯಾನು ನಡುವೆ ನುಸುಳಬೇಕು. ಆ ಕಿಂಡಿ ಕೂದಲೆಳೆಯಷ್ಟು ಕಿರಿದಾದರೂ ದಿಬ್ಬ ಏರುತ್ತದೆ.

ಇದೇನು ಹೊಸ ವಿದ್ಯೆಯಲ್ಲ. ಗಾಜಿನ ಗೋಡೆಯ ಮೂಲಕ ಸೋಡಿಯಂ ಹಾದುಹೋಗುತ್ತದೆ ಅಂತ ವಾರ್ಬುರ್ಗ್ 1884ರಲ್ಲೇ ತೋರಿಸಿದ್ದರು. ಕಿಟಕಿಯ ಗಾಜು ತಣ್ಣಗಿದ್ದಾಗ ಒಳ್ಳೆಯ ನಿರೋಧಕ, ಕಾಯಿಸಿದರೆ ಅದರೊಳಗಿನ ಸೋಡಿಯಂ ಅಲುಗತೊಡಗುತ್ತದೆ. ಗಾಜನ್ನು ಕಾಯಿಸಿ ಮನೆಯ 230 ವೋಲ್ಟ್ ಕೊಟ್ಟು ಬಲ್ಬ್ ಉರಿಸುವ ಆಟವನ್ನು ಮಾತ್ರ ಮಾಡಬೇಡಿ, ಅದು ಕೈ ಕಾಲು ಕಳೆದುಕೊಳ್ಳುವ ಆಟ.

ಯಾವ ವಸ್ತು ಆರಿಸುವುದು

ಇಲ್ಲಿ ಬೇಗ ಹೋಗುತ್ತೇನೆ, ಯಾಕೆಂದರೆ ನಮ್ಮ ಹವೆಯೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಬೀಟಾ ಅಲ್ಯೂಮಿನಾ, ಅಂದರೆ ಸೋಡಿಯಂ ಸೇರಿದ ಅಲ್ಯೂಮಿನಿಯಂ ಆಕ್ಸೈಡ್, ಹಳೆಯ ಹುಲಿ. 1967ರಲ್ಲಿ ಫೋರ್ಡ್ ಕಂಪನಿಯ ಯಾವೋ ಮತ್ತು ಕುಮರ್ ಅದರಲ್ಲಿ ಸೋಡಿಯಂ ಎಷ್ಟು ಸಲೀಸಾಗಿ ಓಡಾಡುತ್ತದೆ ಅಂತ ಪ್ರಕಟಿಸಿದರು. ಅಲ್ಯೂಮಿನಾದ ದಪ್ಪ ಪದರಗಳ ನಡುವೆ ಸಡಿಲವಾದ ಒಂದು ಪದರ, ಸೋಡಿಯಂ ಅದರಲ್ಲೇ ಅಡ್ಡಡ್ಡ ಸಾಗುತ್ತದೆ, ಪದರ ದಾಟಿ ಮೇಲಕ್ಕೆ ಕೆಳಕ್ಕೆ ಹೋಗುವುದಿಲ್ಲ. 300ರಿಂದ 350 ಡಿಗ್ರಿಯಲ್ಲಿ ಕೆಲಸ ಮಾಡುವ ಸೋಡಿಯಂ-ಗಂಧಕ ಬ್ಯಾಟರಿ ನಿಂತಿರುವುದು ಇದರ ಮೇಲೆ. ತಯಾರಿಗೆ 1500 ಡಿಗ್ರಿ ದಾಟಬೇಕು. ಕಾಲೇಜಿನ ಫರ್ನೇಸಿಗೆ ಅದು ಆಗುವ ಮಾತಲ್ಲ.

ಸಲ್ಫೈಡುಗಳು, ಅಂದರೆ ಗಂಧಕದ ಸಂಯುಕ್ತಗಳು, ಇವತ್ತಿನ ಓಟಗಾರರು. 2012ರಲ್ಲಿ ಜಪಾನಿನ ಹಯಾಶಿ ತಂಡ ಸೋಡಿಯಂ ಥಯೋಫಾಸ್ಫೇಟಿನ ಘನಾಕೃತಿ ರೂಪದಲ್ಲಿ ಕೋಣೆಯ ತಾಪಕ್ಕೆ ಸೆಂಟಿಮೀಟರಿಗೆ 0.2 ಮಿಲಿಸೀಮೆನ್ಸ್ ವಾಹಕತೆ ತೋರಿಸಿತು. 2019ರಲ್ಲಿ ಅದೇ ತಂಡ ಆಂಟಿಮನಿ ಸಲ್ಫೈಡಿಗೆ ಒಂದಿಷ್ಟು ಟಂಗ್‌ಸ್ಟನ್ ಬೆರೆಸಿ ಖಾಲಿ ಗುಳಿಗಳನ್ನು ಹೆಚ್ಚಿಸಿ 32 ಮಿಲಿಸೀಮೆನ್ಸ್‌ಗೆ ಮುಟ್ಟಿಸಿತು. ಮೆದು ವಸ್ತು, ಸುಡದೆ ಬರೀ ಒತ್ತಿದರೂ ಕಾಳುಗಳು ಅಂಟಿಕೊಳ್ಳುತ್ತವೆ. ಆದರೆ ಫಾಸ್ಫರಸ್ ಇರುವ ಸಲ್ಫೈಡಿಗೆ ತೇವ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಹೊರಡುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಜೊತೆಗೆ ವಿಷ. ಭಾಗಮಂಡಲದ ಕಡೆಯ ಮಳೆಯಲ್ಲಿ, ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ (ಕೈಗವಸಿನ ಮೂಲಕ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಇಲ್ಲದೆ ಇದರ ಡಬ್ಬಿಯ ಮುಚ್ಚಳ ತೆಗೆಯುವ ಯೋಚನೆಯೇ ಬೇಡ.

ಪಾಲಿಎಥಿಲೀನ್ ಆಕ್ಸೈಡಿಗೆ ಸೋಡಿಯಂ ಲವಣ ಬೆರೆಸಿದ ಪಾಲಿಮರ್ ಹಾಳೆ ಮಾಡುವುದು ಸುಲಭ. ಅಲ್ಲಿ ಅಯಾನು ಹಾರುವುದಕ್ಕಿಂತ ಹೆಚ್ಚಾಗಿ ಪಾಲಿಮರಿನ ಸರಪಳಿ ಬಳುಕಿದಾಗ ಅದರ ಜೊತೆ ಸಾಗುತ್ತದೆ. 60 ಡಿಗ್ರಿಯ ಆಚೀಚೆ ಹರಳು ಕರಗುವವರೆಗೆ ಮಂಕು.

ಉಳಿದದ್ದು ನಾಸಿಕಾನ್. ಹೆಸರೇ ಸೋಡಿಯಂ ಸೂಪರ್ ಅಯಾನಿಕ್ ಕಂಡಕ್ಟರ್ ಅನ್ನುವುದರ ಮೊಟಕು ರೂಪ. 1976ರಲ್ಲಿ ಗುಡ್‌ಇನಫ್, ಹಾಂಗ್, ಕಫಾಲಸ್ ಇದನ್ನು ಕೊಟ್ಟರು. ಇದೇ ಗುಡ್‌ಇನಫ್‌ಗೆ ಮುಂದೆ 2019ರಲ್ಲಿ ಲಿಥಿಯಂ ಬ್ಯಾಟರಿಗಾಗಿ ನೊಬೆಲ್ ಬಂತು. ಗಾಳಿಯಲ್ಲೇ ಸುಡಬಹುದು, ಗಾಳಿಯಲ್ಲೇ ಅಳೆಯಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಇದರ ಹಂದರದಲ್ಲಿ ಸೋಡಿಯಂಗೆ ನಾಲ್ಕು ಗುಳಿ. ಫಾಸ್ಫರಸ್ ಮಾತ್ರ ಇರುವ ರೂಪದಲ್ಲಿ ಒಂದು ಗುಳಿ ತುಂಬಿ ಮೂರು ಖಾಲಿ, ಓಡಾಡುವವರೇ ಕಡಿಮೆ. ಒಂದೊಂದು ಫಾಸ್ಫರಸ್ ತೆಗೆದು ಸಿಲಿಕಾನ್ ಕೂರಿಸಿದಂತೆ ವಿದ್ಯುದಂಶ ಸರಿದೂಗಿಸಲು ಒಂದೊಂದು ಸೋಡಿಯಂ ಒಳಗೆ ಬರುತ್ತದೆ. ಮೂರನ್ನೂ ಬದಲಿಸಿದರೆ ನಾಲ್ಕು ಗುಳಿಯೂ ಭರ್ತಿ, ಹಾರಲು ಜಾಗವಿಲ್ಲ. ಎರಡನ್ನು ಬದಲಿಸಿದ ಹಂತದಲ್ಲಿ ಮೂರು ತುಂಬಿ ಒಂದು ಖಾಲಿ. ಸೋಡಿಯಂ ಸಲೀಸಾಗಿ ಓಡುವುದು ಅಲ್ಲಿ. ನಾವು ಮಾಡಹೊರಟಿರುವುದೂ ಅದನ್ನೇ: ಮೂರು ಸೋಡಿಯಂ, ಎರಡು ಜಿರ್ಕೋನಿಯಂ, ಎರಡು ಸಿಲಿಕಾನ್, ಒಂದು ಫಾಸ್ಫರಸ್, ಹನ್ನೆರಡು ಆಮ್ಲಜನಕ.

ತೂಕ, ಮತ್ತು ನನ್ನ ಹಾಳಾದ ಮೊದಲ ಬಿಲ್ಲೆಗಳು

ನೂರರಲ್ಲೊಂದು ಮೋಲ್ ಮಾಡೋಣ, ಅಂದರೆ 5.3 ಗ್ರಾಂ. ಬೇಕಾದದ್ದು: ಸೋಡಿಯಂ ಕಾರ್ಬೊನೇಟ್ 1.590 ಗ್ರಾಂ, ಜಿರ್ಕೋನಿಯಂ ಡೈಆಕ್ಸೈಡ್ 2.464 ಗ್ರಾಂ, ಸಿಲಿಕಾ 1.202 ಗ್ರಾಂ, ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್ 1.150 ಗ್ರಾಂ. ಸುಡುವಾಗ ಸೋಡಿಯಂ ಆವಿಯಾಗಿ ಹೋಗುತ್ತದೆ, ಆದ್ದರಿಂದ ಕಾರ್ಬೊನೇಟನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಗೆ, 1.749 ಗ್ರಾಂ ಹಾಕಿ. ಫಾಸ್ಫೇಟಿಗೂ ಕೆಲವರು ಹೀಗೇ ಹೆಚ್ಚುವರಿ ಹಾಕುತ್ತಾರೆ. ಮೊದಲ ಸಲ ಸೋಡಿಯಂಗಷ್ಟೇ ಹಾಕಿ ನೋಡಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರ ಪರಿಣಾಮ ಯಾವುದು ಅಂತ ಗೊತ್ತಾಗುವುದಿಲ್ಲ.

ನಾನು ಮೊದಲು ಮಾಡಿದ್ದು ಜುಲೈನಲ್ಲಿ. ಕಾರ್ಬೊನೇಟಿನ ಬಾಟಲಿಯ ಮುಚ್ಚಳ ಎಷ್ಟು ದಿನದಿಂದ ಸಡಿಲವಾಗಿತ್ತೋ, ನಾನೂ ನೋಡಲಿಲ್ಲ, ಹೇಳುವವರೂ ಇರಲಿಲ್ಲ. ಸೋಡಿಯಂ ಕಾರ್ಬೊನೇಟ್ ಗಾಳಿಯ ತೇವ ಹೀರಿ ಒಂದು ನೀರಿನ ಅಣುವನ್ನು ಪೂರ್ತಿ ಕೂರಿಸಿಕೊಂಡರೆ ತೂಕದಲ್ಲಿ ನೂರಕ್ಕೆ ಹದಿನಾಲ್ಕೂವರೆ ಪಾಲು ಬರೀ ನೀರು. ಹತ್ತು ಪಾಲು ಹೆಚ್ಚಿಗೆ ಹಾಕಿದ್ದೇನೆ ಅಂದುಕೊಂಡಿದ್ದವನು ನಿಜದಲ್ಲಿ ಕಡಿಮೆ ಹಾಕಿದ್ದೆ. ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ಹಾಯಿಸಿ ಹರಳಿನ ಗುರುತು ಹಿಡಿಯುವ) ನಕ್ಷೆಯಲ್ಲಿ 28.2 ಮತ್ತು 31.5 ಡಿಗ್ರಿಯ ಹತ್ತಿರ ಎರಡು ಚೂಪು ಎದ್ದಿದ್ದವು. ಅವು ಪಾಕಕ್ಕೆ ಸೇರದೆ ಉಳಿದ ಜಿರ್ಕೋನಿಯಾ, ಅಂದರೆ ಜಿರ್ಕೋನಿಯಂ ಡೈಆಕ್ಸೈಡ್. ತಾಮ್ರದ ಕಿರಣ ಬಳಸುವ ಯಂತ್ರದಲ್ಲಿ ನೀವು ಮೊದಲು ಕಣ್ಣಾಡಿಸಬೇಕಾದ್ದು ಇವೆರಡು ಜಾಗಕ್ಕೇ.

ಅದಾದ ಮೇಲೆ ಕಾರ್ಬೊನೇಟನ್ನು ಹಿಂದಿನ ರಾತ್ರಿಯೇ 200 ಡಿಗ್ರಿಯ ಓವನ್‌ನಲ್ಲಿಟ್ಟು, ಬಿಸಿ ಇರುವಾಗಲೇ ಡೆಸಿಕೇಟರಿಗೆ, ಅಂದರೆ ತೇವ ನುಸುಳದ ಮುಚ್ಚಿದ ಪಾತ್ರೆಗೆ, ಹಾಕಿ, ಆರಿದ ತಕ್ಷಣ ತೂಗುತ್ತೇನೆ. ಕಾಫಿ ಕಣದಲ್ಲಿ ಸಂಜೆಯಾಗುತ್ತಲೇ ಟಾರ್ಪಾಲು ಎಳೆಯುವ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಆದರೂ ಪ್ರಯೋಗಶಾಲೆಯ ಬಾಗಿಲು ದಾಟಿದ ಕೂಡಲೇ ಮನೆಯ ಬುದ್ಧಿ ಹೊರಗೇ ಉಳಿದುಬಿಡುತ್ತದೆ.

ಅರೆಯುವುದು, ಒತ್ತುವುದು, ಸುಡುವುದು

ಅಗೇಟ್ ಕಲ್ವದಲ್ಲಿ ಐಸೊಪ್ರೊಪನಾಲ್ ಹನಿಸುತ್ತ ಎರಡು ಮೂರು ಗಂಟೆ ಅರೆಯಿರಿ. ಬಾಲ್ ಮಿಲ್ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಜಿರ್ಕೋನಿಯಾ ಹಟಮಾರಿ. ಕಾಳು ದಪ್ಪ ಉಳಿದರೆ ಒಳಗೆ ಬೇಯದ ಅಕ್ಕಿಯ ಹಾಗೆ ಗಟ್ಟಿ ತಿರುಳು ಉಳಿಯುತ್ತದೆ. ಒಣಗಿಸಿ, ಅಲ್ಯೂಮಿನಾ ಮೂಸೆಯಲ್ಲಿ ಹಾಕಿ, ನಿಧಾನವಾಗಿ 400 ಡಿಗ್ರಿಗೆ ಏರಿಸಿ ಕೆಲವು ಗಂಟೆ ನಿಲ್ಲಿಸಿ. ಅಮೋನಿಯಾ, ನೀರು ಹೊರಡುವುದು ಇಲ್ಲಿ. ಅವಸರ ಮಾಡಿದರೆ ಪುಡಿ ಉಕ್ಕಿ ಮೂಸೆಯಿಂದ ಹೊರಗೆ. ಮುಂದೆ ಸುಮಾರು 1000 ಡಿಗ್ರಿಯಲ್ಲಿ ಹನ್ನೆರಡು ಗಂಟೆ. ಇಂಗಾಲದ ಡೈಆಕ್ಸೈಡ್ ಪೂರ್ತಿ ಹೋಗುವುದು ಈ ಹಂತದಲ್ಲಿ. ಆರಿದ ಮೇಲೆ ಮತ್ತೆ ಅರೆಯಿರಿ. ಈ ಎರಡನೆಯ ಅರೆಯುವಿಕೆ ಬೇಸರದ ಕೆಲಸ, ಎಲ್ಲರೂ ಕಳ್ಳಾಟ ಆಡುವುದೂ ಇಲ್ಲೇ. ನುಣ್ಣಗಿಲ್ಲದ ಪುಡಿಯಿಂದ ತೂತಿಲ್ಲದ ಬಿಲ್ಲೆ ಆಗುವುದಿಲ್ಲ.

12 ಮಿಲಿಮೀಟರ್ ಅಚ್ಚಿನಲ್ಲಿ ಎರಡು ಟನ್ ಒತ್ತಡ ಸಾಕು, ಲೆಕ್ಕ ಹಾಕಿದರೆ ಸುಮಾರು 170 ಮೆಗಾಪಾಸ್ಕಲ್. ಜಾಸ್ತಿ ಒತ್ತಿದರೆ ಒಳ್ಳೆಯದು ಅಂತ ಐದು ಟನ್‌ಗೆ ಹೋದವರ ಬಿಲ್ಲೆಯ ಮೇಲ್ಪದರ ಡಬ್ಬಿಯ ಮುಚ್ಚಳದ ಹಾಗೆ ಎದ್ದು ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಒತ್ತಡವನ್ನು ಒಂದು ನಿಮಿಷ ಹಿಡಿದು, ನಿಧಾನ ಬಿಡಿ.

ಕೊನೆಯ ಸುಡುವಿಕೆ, ಅಂದರೆ ಸಿಂಟರಿಂಗ್, 1200ರಿಂದ 1230 ಡಿಗ್ರಿಯಲ್ಲಿ ಹತ್ತು ಗಂಟೆ. ಮೂಸೆಯ ತಳಕ್ಕೆ ಅದೇ ಪುಡಿ ಹರಡಿ, ಬಿಲ್ಲೆ ಇಟ್ಟು, ಮೇಲೂ ಪುಡಿ ಮುಚ್ಚಿ, ಮುಚ್ಚಳ ಹಾಕಿ. ಸೋಡಿಯಂ ಆವಿಯಾಗಬೇಕಾದರೆ ಮೊದಲು ಸುತ್ತಲಿನ ಪುಡಿಯಿಂದ ಹೋಗಲಿ. ನಿಮಿಷಕ್ಕೆ ಐದು ಡಿಗ್ರಿ ಏರಿಸಿ ಇಳಿಸಿದರೆ ಒಟ್ಟು ಹದಿನೆಂಟು ಗಂಟೆ. ಹದಿನೆಂಟು ಗಂಟೆ ಕರೆಂಟ್ ಹೋಗಬಾರದು! ಮರ ಬಿದ್ದು ಎರಡೆರಡು ದಿನ ಲೈನು ಸತ್ತಿರುವ ಮಳೆಗಾಲದಲ್ಲಿ ಈ ಕೆಲಸ ಹಚ್ಚಿಕೊಳ್ಳಬೇಡಿ. ಹುತ್ತರಿ ಕಳೆದ ಮೇಲೆ ಸುಡಿ. ಜೂನ್‌ನಿಂದ ಸೆಪ್ಟೆಂಬರ್ ಓದುವುದಕ್ಕೆ, ಲೆಕ್ಕ ಮಾಡುವುದಕ್ಕೆ ಇರಲಿ. ನಡುವೆ ಕರೆಂಟ್ ಹೋದ ಬಿಲ್ಲೆಯನ್ನು ಮತ್ತೆ ಏರಿಸಿ "ಒಟ್ಟು ಹತ್ತು ಗಂಟೆ ಆಯಿತಲ್ಲ" ಅಂತ ಬರೆಯುವುದು ಮೋಸ. ಏನಾಯಿತೋ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ತೆಗೆದ ಬಿಲ್ಲೆ ಕುಗ್ಗಿರುತ್ತದೆ. ನನ್ನ ಉದಾಹರಣೆಯಲ್ಲಿ ಎರಡೂ ಮುಖ ನಯ ಮಾಡಿದ ಮೇಲೆ ವ್ಯಾಸ 10 ಮಿಲಿಮೀಟರ್, ದಪ್ಪ 1.5 ಮಿಲಿಮೀಟರ್, ತೂಕ 0.350 ಗ್ರಾಂ. ಮುಖದ ವಿಸ್ತೀರ್ಣ 0.785 ಚದರ ಸೆಂಟಿಮೀಟರ್, ಗಾತ್ರ 0.118 ಘನ ಸೆಂಟಿಮೀಟರ್, ಸಾಂದ್ರತೆ 2.97. ಹರಳಿನ ಲೆಕ್ಕದ ಸಾಂದ್ರತೆ ಸುಮಾರು 3.27. ಹಾಗಾಗಿ ನೂರಕ್ಕೆ 91. ತೊಂಬತ್ತಕ್ಕಿಂತ ಕೆಳಗೆ ಬಂದರೆ ಮುಂದಿನ ಅಳತೆಗೆ ಹೋಗಬೇಡಿ, ವಾಪಸ್ ಕಲ್ವಕ್ಕೆ ಹೋಗಿ. ನಯ ಮಾಡುವಾಗ ನೀರು ಬಳಸಬಾರದು, ಒಣ ಉಜ್ಜುಕಾಗದ ಇಲ್ಲವೇ ಐಸೊಪ್ರೊಪನಾಲ್. ಎರಡೂ ಮುಖಕ್ಕೆ ಚಿನ್ನದ ತೆಳು ಲೇಪ ಹಾಕಿಸಿ, ಇಲ್ಲದಿದ್ದರೆ ಬೆಳ್ಳಿಯ ಪೇಸ್ಟ್ ಹಚ್ಚಿ ಒಣಗಿಸಿ. ಪೇಸ್ಟ್ ಅಂಚಿನಿಂದ ಇಳಿದು ಇನ್ನೊಂದು ಮುಖಕ್ಕೆ ಸೋಕಿದರೆ ಅದ್ಭುತವಾದ ವಾಹಕತೆ ಬರುತ್ತದೆ, ಸಂಭ್ರಮಿಸಬೇಡಿ.

ಇಂಪೀಡೆನ್ಸ್: ಕಮಾನುಗಳನ್ನು ಓದುವುದು

ಮಲ್ಟಿಮೀಟರು ಇಲ್ಲಿ ಕೆಲಸಕ್ಕೆ ಬಾರದು. ನೇರ ವಿದ್ಯುತ್ ಕೊಟ್ಟರೆ ಸೋಡಿಯಂ ಒಂದು ಮುಖಕ್ಕೆ ಹೋಗಿ ಚಿನ್ನದ ಗೋಡೆಗೆ ಒತ್ತಿಕೊಂಡು ನಿಂತುಬಿಡುತ್ತದೆ, ಹರಿವು ಮುಗಿಯುತ್ತದೆ. ಆದ್ದರಿಂದ ಅತ್ತಿತ್ತ ತೂಗುವ ವಿದ್ಯುತ್ ಕೊಡುತ್ತೇವೆ, 10ರಿಂದ 50 ಮಿಲಿವೋಲ್ಟ್, ಆವರ್ತನ 1 ಮೆಗಾಹರ್ಟ್ಸ್‌ನಿಂದ 1 ಹರ್ಟ್ಸ್‌ವರೆಗೆ. ಈ ತೂಗುವ ವಿದ್ಯುತ್ತಿಗೆ ಬಿಲ್ಲೆ ಒಡ್ಡುವ ಅಡ್ಡಿಯೇ ಇಂಪೀಡೆನ್ಸ್. ಪ್ರತಿ ಆವರ್ತನಕ್ಕೂ ಯಂತ್ರ ಅದರ ಎರಡು ಅಂಕಿ ಕೊಡುತ್ತದೆ, ನೈಜ ಭಾಗ ಮತ್ತು ಕಾಲ್ಪನಿಕ ಭಾಗ. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಚಿಹ್ನೆ ತಿರುಗಿಸಿ ಉದ್ದಕ್ಕೆ ಗುರುತಿಸಿದರೆ ಕಮಾನುಗಳು ಮೂಡುತ್ತವೆ. ಅಡ್ಡ ಉದ್ದ ಎರಡರ ಅಳತೆಯೂ ಒಂದೇ ಇರಲಿ, ಎಕ್ಸೆಲ್ ತನ್ನಿಷ್ಟಕ್ಕೆ ಎಳೆದರೆ ಅರ್ಧವೃತ್ತ ಮೊಟ್ಟೆಯಾಗುತ್ತದೆ.

ಕಮಾನು ಯಾಕೆ? ಬಿಲ್ಲೆ ಒಂದೇ ಹರಳಲ್ಲ, ಸಾವಿರಾರು ಕಾಳುಗಳು ಅಂಟಿಕೊಂಡದ್ದು. ಇದನ್ನು ಸಿದ್ದಾಪುರದ ಕಡೆಯ ತೋಟಗಳ ಆನೆಗಳಂತೆ ಯೋಚಿಸಿ. ತೋಟದೊಳಗೆ ಆನೆಗೆ ಅಡ್ಡಿಯಿಲ್ಲ, ಕಾಫಿ ಗಿಡ ಮುರಿದುಕೊಂಡು ಸರಾಗ ನಡೆಯುತ್ತದೆ. ತೋಟದ ಎಲ್ಲೆಯಲ್ಲಿ ಕಂದಕವೋ ಸೋಲಾರ್ ಬೇಲಿಯೋ ಬಂದಾಗ ನಿಂತು, ತಿರುಗಿ, ಮುರಿದುಬಿದ್ದ ಜಾಗ ಹುಡುಕುತ್ತದೆ. ಅಯಾನಿಗೆ ಕಾಳಿನೊಳಗಿನ ನಡಿಗೆಗೆ ಒಂದು ರೋಧ, ಕಾಳಿನ ಅಂಚು ದಾಟಲು ಇನ್ನೊಂದು ರೋಧ. ಕಾಳಿಗೂ ಅಂಚಿಗೂ ತಮ್ಮದೇ ಕೆಪ್ಯಾಸಿಟರ್ ಗುಣ ಇದೆ. ಅಂಚು ತೀರ ತೆಳು, ಆದ್ದರಿಂದ ಅದರ ಧಾರಕತೆ ಹೆಚ್ಚು, ನ್ಯಾನೋಫ್ಯಾರಡ್ ಲೆಕ್ಕದ್ದು. ಕಾಳಿನದು ಹತ್ತಾರು ಪಿಕೋಫ್ಯಾರಡ್. ಚಿನ್ನದ ಗೋಡೆಯದು ಮೈಕ್ರೋಫ್ಯಾರಡ್. ಕಮಾನು ಯಾರದು ಅಂತ ಪತ್ತೆಹಚ್ಚುವುದು ಈ ಧಾರಕತೆಯಿಂದಲೇ, ಕಮಾನಿನ ಅಂದಚಂದದಿಂದಲ್ಲ.

ಈಗ ಅಂಕಿ. 25 ಡಿಗ್ರಿಯಲ್ಲಿ ನಕ್ಷೆಯ ಎಡತುದಿ ಅಡ್ಡಗೆರೆಯ ಮೇಲೆ 150 ಓಮ್ ಹತ್ತಿರ ಶುರುವಾಗುತ್ತದೆ, ಅಲ್ಲಿಂದ ಒಂದು ಕಮಾನು ಎದ್ದು 600 ಓಮ್‌ನಲ್ಲಿ ಇಳಿಯುತ್ತದೆ, ಆಮೇಲೆ ಓರೆಯಾಗಿ ಮೇಲೇರುವ ಬಾಲ. ದಪ್ಪವನ್ನು (0.15 ಸೆಂಟಿಮೀಟರ್) ವಿಸ್ತೀರ್ಣದಿಂದ ಭಾಗಿಸಿದರೆ 0.191. ವಾಹಕತೆ ಅಂದರೆ ಇದನ್ನು ರೋಧದಿಂದ ಭಾಗಿಸಿದ್ದು. ಕಾಳಿನೊಳಗೆ: 0.191 ಭಾಗಿಸು 150, ಅಂದರೆ ಸೆಂಟಿಮೀಟರಿಗೆ 1.27 ಮಿಲಿಸೀಮೆನ್ಸ್. ಒಟ್ಟು: 0.191 ಭಾಗಿಸು 600, ಅಂದರೆ 0.32 ಮಿಲಿಸೀಮೆನ್ಸ್. ಹರಳು ಚೆನ್ನಾಗಿಯೇ ಇದೆ! ನಾಲ್ಕರಲ್ಲಿ ಮೂರು ಪಾಲು ರೋಧ ಅಂಚಿನಲ್ಲಿದೆ. ಈ ಬಿಲ್ಲೆಗೆ ಹೊಸ ಧಾತು ಬೆರೆಸಿ ಹರಳನ್ನು ಉದ್ಧಾರ ಮಾಡಲು ಹೊರಡುವುದು ವ್ಯರ್ಥ, ಸುಡುವ ಕ್ರಮ ಸರಿಮಾಡಬೇಕು.

"ಕಾಳಿನ ಕಮಾನು ಎಲ್ಲಿ ಸರ್, ಒಂದೇ ಇದೆಯಲ್ಲ?" ಅನ್ನುವುದು ಎಲ್ಲರ ಪ್ರಶ್ನೆ. ಕಮಾನಿನ ತುದಿ ಕಾಣುವ ಆವರ್ತನಕ್ಕೆ ಸೂತ್ರ: ಒಂದನ್ನು ಎರಡು ಪೈ, ರೋಧ, ಧಾರಕತೆಗಳ ಗುಣಲಬ್ಧದಿಂದ ಭಾಗಿಸಿ. ಅಂಚಿಗೆ 450 ಓಮ್, 2 ನ್ಯಾನೋಫ್ಯಾರಡ್ ಹಾಕಿದರೆ 177 ಕಿಲೋಹರ್ಟ್ಸ್, ನಮ್ಮ ಯಂತ್ರದ ಕೈಗೆ ಸಿಗುತ್ತದೆ. ಕಾಳಿಗೆ 150 ಓಮ್, 20 ಪಿಕೋಫ್ಯಾರಡ್ ಹಾಕಿದರೆ 53 ಮೆಗಾಹರ್ಟ್ಸ್. 1 ಮೆಗಾಹರ್ಟ್ಸ್‌ಗೆ ನಿಲ್ಲುವ ಯಂತ್ರಕ್ಕೆ ಅದು ಕಾಣುವುದೇ ಇಲ್ಲ, ಅದರ ಬಲಗಾಲು ಮಾತ್ರ ಎಡತುದಿಯಾಗಿ ಕಾಣುತ್ತದೆ. ಬಿಲ್ಲೆಯನ್ನು ತಣ್ಣಗೆ ಮಾಡಿದರೆ ರೋಧ ಏರಿ ಕಮಾನು ಕೆಳ ಆವರ್ತನದತ್ತ ಸರಿಯುತ್ತದೆ. ಮಂಜುಗಡ್ಡೆಗೆ ಕಲ್ಲುಪ್ಪು ಬೆರೆಸಿದರೆ ಮೈನಸ್ 20 ಡಿಗ್ರಿ ಹತ್ತಿರ ಹೋಗಬಹುದು. ಆದರೆ ಅಷ್ಟರಲ್ಲೂ ಕಾಳಿನ ತುದಿ 8 ಮೆಗಾಹರ್ಟ್ಸ್ ಆಸುಪಾಸಿನಲ್ಲೇ ಇರುತ್ತದೆ. ಪೂರ್ತಿ ನೋಡಬೇಕಾದರೆ ದ್ರವ ಸಾರಜನಕದ ಸೌಲಭ್ಯ ಇರುವಲ್ಲಿಗೇ ಹೋಗಬೇಕು. ಇನ್ನು ನಮ್ಮ ಗಾಳಿಯಲ್ಲಿ ತಣ್ಣನೆಯ ಬಿಲ್ಲೆಯ ಮೇಲೆ ನಿಮಿಷದಲ್ಲಿ ಇಬ್ಬನಿ ಕೂರುತ್ತದೆ, ಆ ನೀರಿನ ಪೊರೆಯೇ ವಿದ್ಯುತ್ ಒಯ್ದು ನಿಮಗೆ ಸುಳ್ಳು ಅಂಕಿ ಕೊಡುತ್ತದೆ.

ಬಾಲವನ್ನು ಬೇಡದ ವಸ್ತು ಅಂತ ಕತ್ತರಿಸಿ ಎಸೆಯಬೇಡಿ. ಓಡಾಡುತ್ತಿರುವುದು ಅಯಾನು, ಎಲೆಕ್ಟ್ರಾನ್ ಅಲ್ಲ ಅನ್ನುವುದಕ್ಕೆ ಅದೇ ಮೊದಲ ಸಾಕ್ಷಿ: ಎಲೆಕ್ಟ್ರಾನ್ ಆಗಿದ್ದರೆ ಚಿನ್ನದ ಗೋಡೆ ತಡೆಯುತ್ತಿರಲಿಲ್ಲ, ಬಾಲವೂ ಇರುತ್ತಿರಲಿಲ್ಲ. ಎರಡನೆಯ ಸಾಕ್ಷಿಗೆ ಅರ್ಧ ವೋಲ್ಟ್ ನೇರ ವಿದ್ಯುತ್ ಕೊಟ್ಟು ಕೆಲವು ಗಂಟೆ ಕಾಯಿರಿ. ಅಯಾನುಗಳು ಗೋಡೆಗೆ ಸೇರಿ ಸುಮ್ಮನಾದ ಮೇಲೂ ಉಳಿಯುವ ವಿದ್ಯುತ್ತು ಎಲೆಕ್ಟ್ರಾನಿನದು. ಅದು ನ್ಯಾನೋಆಂಪಿಯರುಗಳಲ್ಲಿದ್ದರೆ ನಿಶ್ಚಿಂತೆ.

ತಾಪ ಏರಿಸಿ ದಿಬ್ಬ ಅಳೆಯುವುದು

ಬಿಲ್ಲೆಯನ್ನು ಸಣ್ಣ ಕುಲುಮೆಯಲ್ಲಿಟ್ಟು 25, 40, 55, 70, 85, 100 ಡಿಗ್ರಿಗಳಲ್ಲಿ ಅಳೆಯಿರಿ. ಪ್ರತಿ ಹಂತದಲ್ಲೂ ಅರ್ಧ ಗಂಟೆ ಕಾಯುವ ತಾಳ್ಮೆ ಇರಲಿ. ತಾಪಮಾಪಕ ಬಿಲ್ಲೆಯ ಪಕ್ಕದಲ್ಲಿರಬೇಕು, ಕುಲುಮೆಯ ಗೋಡೆಯಲ್ಲಲ್ಲ. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಎರಡೂ ಹೊಂದದಿದ್ದರೆ ಬಿಲ್ಲೆಯಲ್ಲಿ ತೇವ ಇತ್ತು ಅಂತಲೋ, ಪೇಸ್ಟ್ ಎದ್ದಿದೆ ಅಂತಲೋ ತಿಳಿಯಿರಿ.

ನಮ್ಮ ಬಿಲ್ಲೆಯ ಒಟ್ಟು ರೋಧ 100 ಡಿಗ್ರಿಯಲ್ಲಿ 48 ಓಮ್ ಬಂತು ಅನ್ನಿ, ವಾಹಕತೆ 3.98 ಮಿಲಿಸೀಮೆನ್ಸ್. ವಾಹಕತೆಯನ್ನು ಕೆಲ್ವಿನ್ ತಾಪದಿಂದ ಗುಣಿಸಿ, ಎರಡು ತಾಪಗಳ ಗುಣಲಬ್ಧಗಳ ಅನುಪಾತ ತೆಗೆಯಿರಿ: 15.7. ಅದರ ಸಹಜ ಲಾಗರಿತಮ್ 2.75. 298 ಮತ್ತು 373 ಕೆಲ್ವಿನ್‌ಗಳ ವಿಲೋಮಗಳ ವ್ಯತ್ಯಾಸ 0.000675. ಭಾಗಿಸಿ, ಬೋಲ್ಟ್ಸ್‌ಮನ್ ಸ್ಥಿರಾಂಕ 0.00008617ರಿಂದ ಗುಣಿಸಿದರೆ 0.35 ಎಲೆಕ್ಟ್ರಾನ್‌ವೋಲ್ಟ್. ತಾಪದಿಂದ ಗುಣಿಸುವುದನ್ನು ಮರೆತರೆ 0.32 ಬರುತ್ತದೆ, ನಿಮ್ಮ ಬಿಲ್ಲೆ ಬೇರೆಯವರದ್ದಕ್ಕಿಂತ ಚೆನ್ನಾಗಿದೆ ಅಂತ ಭ್ರಮೆ ಹುಟ್ಟಿಸುತ್ತದೆ. ಎರಡು ಬಿಂದುವಿನ ಲೆಕ್ಕ ಕೈ ಪಳಗಲು ಮಾತ್ರ, ವರದಿಗೆ ಆರೂ ಬಿಂದುಗಳ ಮೇಲೆ ಗೆರೆ ಎಳೆಯಿರಿ.

200 ಡಿಗ್ರಿಯವರೆಗೆ ಹೋಗುವವರಿಗೆ ಒಂದು ಮಾತು. 150ರಿಂದ 180 ಡಿಗ್ರಿ ಸುತ್ತ ನಾಸಿಕಾನ್ ಹರಳು ತನ್ನ ಆಕಾರ ಬದಲಿಸುತ್ತದೆ, ಓರೆಯಾಗಿದ್ದ ಹಂದರ ಸಮವಾಗುತ್ತದೆ, ಗೆರೆಯ ಇಳಿಜಾರು ಅಲ್ಲಿ ತಿರುಗುತ್ತದೆ. ಎರಡೂ ಕಡೆಯ ಬಿಂದುಗಳ ಮೇಲೆ ಒಂದೇ ಗೆರೆ ಬಿಗಿಯಬೇಡಿ. ಬಿಸಿಯಲ್ಲಿ ರೋಧ ಕುಸಿದಾಗ ತಂತಿಯ ತಪ್ಪೂ ತಲೆ ಎತ್ತುತ್ತದೆ: ಒಂದು ಮೈಕ್ರೋಹೆನ್ರಿಯ ತಂತಿ 1 ಮೆಗಾಹರ್ಟ್ಸ್‌ನಲ್ಲಿ 6 ಓಮ್‌ನಷ್ಟು ಅಡ್ಡಿ ಒಡ್ಡಿ ನಕ್ಷೆಯನ್ನು ಅಡ್ಡಗೆರೆಯ ಕೆಳಗೆ ಎಳೆಯುತ್ತದೆ. ಬಿಲ್ಲೆ ತೆಗೆದು, ತುದಿಗಳನ್ನು ಜೋಡಿಸಿ ಒಮ್ಮೆ ಅಳೆದು ಕಳೆಯಿರಿ.

ಬ್ಯಾಟರಿಗೆ ಇದು ಸಾಕೇ?

0.32 ಮಿಲಿಸೀಮೆನ್ಸ್ ಅನ್ನುವುದು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದರೆ, ದಪ್ಪ ಎಷ್ಟು ಅಂತ ಮೊದಲು ಹೇಳಿ. 1.5 ಮಿಲಿಮೀಟರಿನ ಬಿಲ್ಲೆಯಲ್ಲಿ ಚದರ ಸೆಂಟಿಮೀಟರಿಗೆ 1 ಮಿಲಿಆಂಪಿಯರ್ ಹರಿಸಿದರೆ ಬಿಲ್ಲೆಯೊಂದೇ 0.47 ವೋಲ್ಟ್ ತಿಂದುಹಾಕುತ್ತದೆ. ಅದೇ ಪದಾರ್ಥವನ್ನು 50 ಮೈಕ್ರೋಮೀಟರಿನ ಹಾಳೆ ಮಾಡಿದರೆ ತಿನ್ನುವುದು 16 ಮಿಲಿವೋಲ್ಟ್ ಮಾತ್ರ. ವಾಹಕತೆಯನ್ನು ಮೂವತ್ತು ಪಟ್ಟು ಹೆಚ್ಚಿಸಲು ಹೆಣಗುವವರು ತೆಳುವಾದ, ಒಡೆಯದ ಹಾಳೆ ಮಾಡುವ ಕಸುಬನ್ನು ಕಡೆಗಣಿಸುತ್ತಾರೆ ಅನ್ನುವುದು ನನ್ನ ಹಳೆಯ ತಕರಾರು. ಕುಂಬಾರಿಕೆಯ ವಿದ್ಯೆ ಅದು, ಮರ್ಯಾದೆ ಕಡಿಮೆ.

ಚಿನ್ನದ ಬದಲು ಸೋಡಿಯಂ ಲೋಹ ಕೂರಿಸಿದಾಗ ಇನ್ನೊಂದು ರೋಧ ಸೇರಿಕೊಳ್ಳುತ್ತದೆ, ಬಿಲ್ಲೆಗೂ ಲೋಹಕ್ಕೂ ನಡುವಿನ ಪೊಳ್ಳಿನದು. ಸೋಡಿಯಂ 98 ಡಿಗ್ರಿಗೆ ಕರಗುವ ಮೆದು ಲೋಹ, ಒತ್ತಿದರೆ ಅಂಟುತ್ತದೆ. ಆದರೆ ಮುಖದ ಮೇಲೆ ಗಾಳಿಯಿಂದ ಬಂದ ಕಾರ್ಬೊನೇಟ್ ಪೊರೆ ಇದ್ದರೆ ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳುತ್ತದೆ. ಅಲ್ಲಲ್ಲಿ ಮಾತ್ರ ತಾಗಿದರೆ ವಿದ್ಯುತ್ತೆಲ್ಲ ಆ ಚುಕ್ಕೆಗಳಲ್ಲೇ ನುಗ್ಗಿ, ಕಾಳುಗಳ ಅಂಚಿನ ಸಂದಿಯಲ್ಲಿ ಸೋಡಿಯಂ ಬೇರಿಳಿದು ಬಿಲ್ಲೆ ಒಡೆಯುತ್ತದೆ. ಈ ಹಂತ ಗ್ಲೋವ್ ಬಾಕ್ಸಿನೊಳಗೆ, ಬಲ್ಲವರ ಜೊತೆ ಮಾತ್ರ. ಒದ್ದೆ ಕೈಯಲ್ಲಿ ಸೋಡಿಯಂ ಮುಟ್ಟುವಂತಿಲ್ಲ ಅಂತ ಪಿಯುಸಿಯಲ್ಲೇ ಕಲಿತಿದ್ದೀರಿ.

ಇಂಪೀಡೆನ್ಸ್ ಯಂತ್ರ, ಎಕ್ಸ್‌ಆರ್‌ಡಿಗೆ ನಮ್ಮಲ್ಲಿ ಅನೇಕರು ಮೈಸೂರಿಗೋ ಮಂಗಳೂರಿಗೋ ಬಸ್ ಹತ್ತುತ್ತಾರೆ. ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋಗಬೇಡಿ. ನಾಸಿಕಾನ್ ಗಾಳಿಗೆ ತಡೆಯುತ್ತದೆ ನಿಜ, ಆದರೆ ಒದ್ದೆ ಗಾಳಿಯಲ್ಲಿ ವಾರಗಟ್ಟಲೆ ಇಟ್ಟರೆ ಮೇಲ್ಮೈಯ ಸೋಡಿಯಂ ಹೊರಬಂದು ಬೆಳ್ಳಗೆ ಬೂಷ್ಟಿನಂತೆ ಕೂರುತ್ತದೆ. ಗಾಜಿನ ಸಣ್ಣ ಸೀಸೆ, ಒಳಗೆ ನೀಲಿ ಸಿಲಿಕಾ ಜೆಲ್ಲಿನ ಚೀಟಿ, ಮುಚ್ಚಳದ ಸುತ್ತ ಟೇಪ್. ಸೀಸೆಯ ಮೇಲೆ ಸುಟ್ಟ ದಿನಾಂಕ, ದಪ್ಪ, ತೂಕ ಬರೆದಿರಲಿ. ಅಲ್ಲಿ ತಲುಪಿದಾಗ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಬಿಲ್ಲೆಯನ್ನು 150 ಡಿಗ್ರಿಯ ಓವನ್‌ನಲ್ಲಿ ರಾತ್ರಿಯಿಡೀ ಇಟ್ಟು, ಮರುದಿನ ಬೆಳಿಗ್ಗೆ ಅಳೆಯಿರಿ.